ನವಿಲು, ಅಣಬೆ, ನಡುವೆ ಒಂದು ಹುತ್ತ



ಮಳೆ ಹಿಡಿಯಿತೆಂದರೆ ಬೀದರ್ ಸುತ್ತಿನ ಕುರುಚಲು ಕಾಡಿನಲ್ಲಿ, ಭಾಲ್ಕಿ, ಔರಾದ್ ಕಡೆಯ ಹೊಲದ ಬದುಗಳಲ್ಲಿ ನವಿಲಿನ ಕೂಗು ಜೋರಾಗುತ್ತದೆ. ಹುತ್ತದ ಬುಡದಲ್ಲಿ ಬಿಳಿ ಅಣಬೆ ಏಳುವ ಕಾಲವೂ ಅದೇ. ಹಕ್ಕಿಗೂ ಅಣಬೆಗೂ ಎಲ್ಲಿಯ ಸಂಬಂಧ ಅಂತೀರಾ? ಎರಡಕ್ಕೂ ಗೆದ್ದಲಿನ ಋಣವಿದೆ.

ಅಣಬೆಯನ್ನು ನಾವು ಕಾಯಿಪಲ್ಲೆಯ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಜೀವವಿಜ್ಞಾನವನ್ನು ಕೇಳಿದರೆ, ಅದು ಬದನೆಕಾಯಿಗಿಂತ ನವಿಲಿಗೇ ಹತ್ತಿರದ ನೆಂಟ. ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಎರಡಕ್ಕೂ ಬಾರದು. ನವಿಲು ನುಂಗಿ ಆಮೇಲೆ ಅರಗಿಸುತ್ತದೆ. ಅಣಬೆ ಹೊರಗೇ ಅರಗಿಸಿ ಆಮೇಲೆ ಹೀರುತ್ತದೆ.

ನಿಜವಾದ ಸೋಜಿಗ ಇರುವುದು ಹುತ್ತದೊಳಗೆ. ಗೆದ್ದಲು ಒಣಕಟ್ಟಿಗೆ, ತರಗೆಲೆ, ಜೋಳದ ಕೂಳೆ ತಿಂದು, ತನ್ನ ಹಿಕ್ಕೆಯಿಂದಲೇ ಜೇನುಹುಟ್ಟಿನಂಥ ತೋಟ ಕಟ್ಟುತ್ತದೆ. ಅದರ ಮೈತುಂಬ ಶಿಲೀಂಧ್ರದ ಎಳೆಗಳು, ಅಲ್ಲಲ್ಲಿ ಪುಟ್ಟ ಬಿಳಿ ಉಂಡೆಗಳು. ಕಟ್ಟಿಗೆಯಲ್ಲಿ ಗೆದ್ದಲಿಗೆ ಜೀರ್ಣವಾಗದ ಗಡಸು ಭಾಗವನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಅದನ್ನೂ ತಿನ್ನುತ್ತದೆ, ಉಂಡೆಗಳನ್ನೂ ತಿನ್ನುತ್ತದೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಶುರುವಾದ ಒಕ್ಕಲುತನವಿದು. ಮನುಷ್ಯ ಬಿತ್ತಲು ಕಲಿತು ಹತ್ತಾರು ಸಾವಿರ ವರ್ಷವೂ ಆಗಿಲ್ಲ! ಈ ಶಿಲೀಂಧ್ರದ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು; ಹುತ್ತದ ಬುಡದಲ್ಲಿ ಏಳುವ ಬಿಳಿ ಅಣಬೆ ಇದರದೇ. ನಮ್ಮ ರೈತರು ಶೆಡ್ಡಿನಲ್ಲಿ ಬೆಳೆಯುವುದು ಬೇರೆ ಜಾತಿಯ ಅಣಬೆ.

ಮೊದಲ ಮಳೆಗಳಿಗೆ ಹುತ್ತದಿಂದ ರೆಕ್ಕೆಯ ಗೆದ್ದಲು, ಅಂದರೆ ಮಳೆಹುಳು, ಹೊರಬೀಳುತ್ತದೆ. ನವಿಲು ಅದನ್ನು ಕುಕ್ಕಿ ಕುಕ್ಕಿ ತಿನ್ನುತ್ತದೆ. ಬಳಿಕ ಅಣಬೆ ಉದ್ದನೆಯ ಬೇರಿನಂಥ ಬುಡ ಬೆಳೆಸಿ, ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ.

ನವಿಲಿನ ಗರಿಯಾಗಲಿ ಅಣಬೆಯ ಕೊಡೆಯಾಗಲಿ, ಎರಡೂ ಸಂತಾನಕ್ಕಾಗಿ ಹೂಡಿದ ಆಟ. ಗಂಡು ನವಿಲಿನ ಆ ಉದ್ದ ಗರಿಗಳು ಬಾಲವಲ್ಲ, ಬಾಲದ ಮೇಲಿನ ಹೊದಿಕೆ. ಹಂಗಾಮು ಮುಗಿದ ಮೇಲೆ ಉದುರುತ್ತವೆ, ನವಿಲು ಉಳಿಯುತ್ತದೆ. ಕೊಡೆಯೂ ಬೀಜಕಣ ಚೆಲ್ಲಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ, ಶಿಲೀಂಧ್ರ ಮಾತ್ರ ಹುತ್ತದೊಳಗೆ ಉಳಿಯುತ್ತದೆ.

ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯ್ದೆಯ ಕಾವಲೂ ಅದಕ್ಕಿದೆ. ಹುತ್ತಕ್ಕೆ ಸಿಗುವುದು ನಾಗರ ಪಂಚಮಿಯ ಹಾಲು ಮಾತ್ರ, ಅದೂ ಹಾವಿನ ಹೆಸರಿನಲ್ಲಿ. ಆದ್ದರಿಂದ ಹೊಲ ಸಮ ಮಾಡಲು ಜೆಸಿಬಿ ಹಚ್ಚಿದಾಗ ಬದುವಿನ ಹುತ್ತವೊಂದನ್ನು ಬಿಟ್ಟುಬಿಡಿ. ಇನ್ನೊಂದು ಮಾತು: ಹುತ್ತದ ಬಳಿ ಎದ್ದದ್ದೆಲ್ಲ ತಿನ್ನುವ ಅಣಬೆಯಲ್ಲ. ಗುರುತು ಬಲ್ಲ ಹಿರಿಯರು ಜೊತೆಗಿಲ್ಲದಿದ್ದರೆ ಕಿತ್ತು ಮನೆಗೆ ತರಬೇಡಿ.