‘ನಿತ್ಯೋತ್ಸವ’ವನ್ನು ಕೇಳಿದವರು
(ಬಾನುಲಿ ಭಾಷಣ)

ಕವಿಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಗಾಯಕನನ್ನು ಕುರಿತೂ ಬರೆದಿದ್ದಾರೆ. ಕೇಳಿದವನನ್ನು ಕುರಿತು ಬರೆದುದು ಕಡಮೆ. ಆತನ ಅಭಿಪ್ರಾಯ ಜಗುಲಿಯಲ್ಲಿ ಹುಟ್ಟಿ ಜಗುಲಿಯಲ್ಲಿಯೇ ಮುಗಿಯುತ್ತದೆ; ಅಚ್ಚಿಗೆ ಏರುವುದಿಲ್ಲ. ಹಾಗೆ ಅಚ್ಚಾಗದೆ ಉಳಿದ ಕೆಲವು ಅಭಿಪ್ರಾಯಗಳನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅವು 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವೆಂಬ ಧ್ವನಿಸುರುಳಿಗೆ ಸಂಬಂಧಿಸಿದವು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ; ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದನ್ನು ಗುರುತಿಸುತ್ತಾರೆ. ಆಗ ನಾನು ಸಾಗರದಲ್ಲಿ ಕಾಲೇಜು ವಿದ್ಯಾರ್ಥಿ. ಅನಂತರ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನು. ಕೇಳುಗರ ಮಾತು ಕಿವಿಗೆ ಬೀಳಲು ಇದಕ್ಕಿಂತ ಅನುಕೂಲವಾದ ಉದ್ಯೋಗವಿಲ್ಲ.

ಕವಿತೆಯನ್ನು ಹಾಡುವುದು ಆಗ ಹೊಸತೇನೂ ಆಗಿರಲಿಲ್ಲ. ಪಿ. ಕಾಳಿಂಗರಾವ್ ಅವರು ಬಹು ಹಿಂದೆಯೇ ನವೋದಯದ ಕವಿತೆಗಳನ್ನು ಊರೂರಿಗೆ ಒಯ್ದಿದ್ದರು. ಗಮಕಿಗಳ ಕಾವ್ಯವಾಚನವಂತೂ ಮಲೆನಾಡಿನ ಮನೆಗಳಿಗೆ ತೀರ ಪರಿಚಿತ. ಹೊಸತಾಗಿದ್ದುದು ಅಳತೆ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಮೂರು, ಮೂರೂವರೆ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಒಂದು ಹಾಡಿಗೆ ಮಾತ್ರ ಅಲ್ಲಿ ಎಡೆ. ಸುರುಳಿಯಲ್ಲಾದರೋ ಒಬ್ಬನೇ ಕವಿಯ ಹಲವು ಕವಿತೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಕವನಸಂಕಲನವನ್ನು ಕಿವಿಯಿಂದಲೇ ಓದಿದಂತಾಗುತ್ತದೆ. ಅದೂ ಎಲ್ಲಿ? ವಿದ್ಯುತ್ತಿಲ್ಲದ ಮನೆಯ ಜಗುಲಿಯಲ್ಲಿ, ಸೆಲ್ಲು ಹಾಕಿದ ಟೇಪ್ ರೆಕಾರ್ಡರಿನ ಸುತ್ತ, ಅಡಕೆ ಸುಲಿಯುವ ಮೆಟ್ಟುಕತ್ತಿಗಳ ನಡುವೆ.

ಮೊದಲು ಕೇಳಿಬಂದ ಆಕ್ಷೇಪ ಶಾಸ್ತ್ರೀಯ ಸಂಗೀತ ಬಲ್ಲವರದು. ಇದರಲ್ಲಿ ರಾಗದ ನೆರಳುಂಟು, ರಾಗದ ವಿಸ್ತಾರವಿಲ್ಲ. ಕೇಳಲು ಇಂಪು, ಆದರೆ ಕಿವಿಗೆ ಕೆಲಸವಿಲ್ಲ ಎಂದರು ಅವರು. ಎರಡನೆಯ ಆಕ್ಷೇಪ ನಮ್ಮ ಅಧ್ಯಾಪಕ ವರ್ಗದ್ದು. ನವ್ಯಕಾವ್ಯದ ಅಭ್ಯಾಸವಿದ್ದವರಿಗೆ ಕವಿತೆಯೆಂದರೆ ಏಕಾಂತದಲ್ಲಿ, ನಿಂತು ನಿಂತು ಓದತಕ್ಕದ್ದು. ಹಾಡಿನಲ್ಲಿ ನಿಲ್ಲುವ ಅವಕಾಶವೆಲ್ಲಿ? ಪದ ಸ್ವರದಲ್ಲಿ ಕರಗುತ್ತದೆ, ಅರ್ಥ ಇಂಪಿನ ಹಿಂದೆ ಸರಿಯುತ್ತದೆ ಎಂಬುದು ಅವರ ವಾದ. ಮೂರನೆಯ ಅಭಿಪ್ರಾಯಕ್ಕೆ ವಾದದ ರೂಪವೇ ಇರಲಿಲ್ಲ. ಅಡಕೆ ಸುಲಿಯುತ್ತಿದ್ದವರು ಹಾಡು ಮುಗಿದೊಡನೆ, ಇನ್ನೊಂದು ಸಲ ಹಾಕಿ ಎನ್ನುತ್ತಿದ್ದರು, ಅಷ್ಟೆ.

ಈ ಪ್ರಕಾರದ ಹೆಸರಿನಲ್ಲಿಯೇ ವಿವಾದದ ಬೀಜವಿದೆ. ಆಕಾಶವಾಣಿ ಬಳಕೆಗೆ ತಂದ ಹೆಸರು ‘ಸುಗಮ ಸಂಗೀತ’. ಸುಗಮವೆಂದರೆ ಸುಲಭವಾಗಿ ಹೋಗತಕ್ಕದ್ದು. ಸುಲಭವಾದುದು ಹಗುರವಾದುದೂ ಹೌದೆ? ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಗಿಟಾರ್ ವಾದಕ ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ ಎಂಬ ಧ್ವನಿಮುದ್ರಿಕೆ 1976ರಲ್ಲಿ ಬಂದಾಗ ಅದು ಲಕ್ಷ ಲಕ್ಷ ಸಂಖ್ಯೆಯಲ್ಲಿ ಮಾರಾಟವಾಯಿತು. ಜಾಝ್ ಸಂಗೀತದ ನಿಷ್ಠರಾದರೋ ಇದು ಅತಿ ಮಧುರ, ಜಾಝಿನ ಕಸುವು ಇದರಲ್ಲಿಲ್ಲ ಎಂದು ಮುಖ ಸಿಂಡರಿಸಿದರು. ಆ ಬಗೆಯ ವಾದನಕ್ಕೆ ಮುಂದೆ ‘ಸ್ಮೂತ್ ಜಾಝ್’ ಎಂಬ ಹೆಸರೇ ನಿಂತಿತು. ಕನ್ನಡದಲ್ಲಿ ಹೇಳುವುದಾದರೆ ಸುಗಮ ಜಾಝ್! ಬಲ್ಲವರ ಗೊಣಗಾಟ, ಉಳಿದವರ ಒಲವು—ಎರಡು ಖಂಡಗಳಲ್ಲಿಯೂ ಕತೆ ಒಂದೇ.

ಅಧ್ಯಾಪಕರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ‘ನಿತ್ಯೋತ್ಸವ’ ಕವಿತೆಯನ್ನೇ ನೋಡಿ. ಅದರ ಮೊದಲ ನುಡಿಯಲ್ಲಿ ಜೋಗವಿದೆ, ತುಂಗೆಯಿದೆ, ಸಹ್ಯಾದ್ರಿಯಿದೆ. ಇವುಗಳನ್ನು ಯಾವ ಕವಿಯೂ ಕಂಡಾನು. ಆದರೆ ನಿಸಾರರು ಸಹ್ಯಾದ್ರಿಯ ಹಸುರನ್ನು ಹೇಳುವ ಮೊದಲು ಅದರ ಒಡಲಿನ ಅದಿರನ್ನು ಹೇಳುತ್ತಾರೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿಯೂ ಪಾಠ ಹೇಳಿದ ಭೂವಿಜ್ಞಾನದ ಅಧ್ಯಾಪಕನ ಕಣ್ಣು ಅದು. ಈ ಒಂದು ಮಾತಿನಿಂದ ಕವಿತೆಗೆ ಗಟ್ಟಿತನ ಬಂದಿದೆ. ಹಾಡುವಾಗ ಅದು ಉಳಿದ ಮಾತುಗಳೊಡನೆ ಹರಿದುಹೋಗುತ್ತದೆ. ತರಗತಿಯಲ್ಲಿ ಅಧ್ಯಾಪಕನು ಅಲ್ಲಿ ನಿಲ್ಲಬೇಕು. ಇಷ್ಟರ ಮಟ್ಟಿಗೆ ಆ ಆಕ್ಷೇಪ ನಿಜ.

ಆದರೆ ಹಾಡನ್ನು ಕೇಳಿದವನು ಅರ್ಥವನ್ನು ಬಿಟ್ಟುಕೊಟ್ಟನೆಂಬ ತೀರ್ಮಾನಕ್ಕೆ ಅಷ್ಟು ಬೇಗ ಬರಲಾಗದು. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಸಾಗರ, ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ತೋಟ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಜನ ಎದ್ದುಹೋದರು. ಅಂಥ ಹಳ್ಳಿಯೊಂದರಿಂದ ಎದ್ದುಬಂದ ಹಿರಿಯರೊಬ್ಬರು, ನಾನು ಹೊಸನಗರದಲ್ಲಿದ್ದ ಕಾಲದಲ್ಲಿ, ಈ ಹಾಡನ್ನು ಕುರಿತು ಒಂದು ಮಾತು ಹೇಳಿದರು. ಕವಿ ಜೋಗದ ಜೊತೆಗೆ ಬೆಳಕನ್ನು ತಂದಿದ್ದಾರಷ್ಟೆ. ಆ ಬೆಳಕು ಧುಮುಕುವ ನೀರಿನ ಮೇಲೆ ಬಿದ್ದ ಬಿಸಿಲೆಂದು ನಾವು ಪಾಠ ಹೇಳುತ್ತೇವೆ. ಅವರಿಗೆ ಅದು ವಿದ್ಯುದಾಗಾರದ ಬೆಳಕಾಗಿ ಕೇಳಿಸಿತ್ತು. “ಮೇಷ್ಟ್ರೇ, ಆ ಬೆಳಕು ನಮ್ಮ ಮನೆಗಿನ್ನೂ ಬಂದಿಲ್ಲ, ಆದರೂ ಹಾಡು ಚೆನ್ನಾಗಿದೆ” ಎಂದರು.

ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಆ ಕವಿತೆಯ ಮೇಲೆ ಓದಿಲ್ಲ. ನಾಡಿನ ಸಿರಿಯನ್ನು ಹಾಡುವಾಗ ಆ ಸಿರಿಗಾಗಿ ತೆತ್ತವರು ಯಾರೆಂಬ ಪ್ರಶ್ನೆ ಅದರಲ್ಲಿದೆ. ಹಾಗೆ ಕೇಳಿಯೂ ಹಾಡನ್ನು ಕೈಬಿಡದ ಔದಾರ್ಯವೂ ಇದೆ. ಕವಿತೆಯ ಕೊನೆಯ ನುಡಿ ಮತ್ಸರವಿಲ್ಲದ ಮನಸ್ಸಿನ ಹಿರಿಮೆಯನ್ನು ಕೊಂಡಾಡುತ್ತದೆ. ಅದಕ್ಕೆ ಆ ಹಿರಿಯರೇ ನಿದರ್ಶನ. ಅವರು ಪುಸ್ತಕವನ್ನು ತೆರೆದವರಲ್ಲ; ಕವಿತೆ ಅವರಿಗೆ ಬಾಯಿಪಾಠವಾಗಿದ್ದುದು ಧಾಟಿಯ ದೆಸೆಯಿಂದ. ಬಾಯಿಪಾಠವಾಗಿದ್ದರಿಂದಲೇ ಅವರು ಅದರೊಡನೆ ಜಗಳವಾಡಬಲ್ಲವರಾದರು. ಧಾಟಿ ಸುಗಮವಾಗಿತ್ತು, ಅದು ತಲಪಿದ ತಾಣ ಹಗುರವಾದುದಲ್ಲ.

ಹೊಸನಗರದವರಿಗೆ ಈ ವಿಷಯದಲ್ಲಿ ಒಂದು ಸಹಜವಾದ ಅಭಿಮಾನವೂ ಉಂಟು. ಶಿವಮೊಗ್ಗ ಸುಬ್ಬಣ್ಣನವರು ಆ ತಾಲೂಕಿನ ನಗರದವರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದು, ಆ ಮನ್ನಣೆಗೆ ಪಾತ್ರರಾದ ಮೊದಲ ಕನ್ನಡ ಹಿನ್ನೆಲೆ ಗಾಯಕರೆನಿಸಿದರು. ಅವರ ಎತ್ತರದ ದನಿಯಲ್ಲಿ ಶರೀಫರ ಪದಗಳನ್ನೂ ಕುವೆಂಪು ಅವರ ಕವಿತೆಯನ್ನೂ ಕೇಳಿದವರು, ಸುಗಮ ಸಂಗೀತಕ್ಕೆ ಕಸುವಿಲ್ಲವೆಂದು ಹೇಳಲಾರರು.

ತೀರ್ಥಹಳ್ಳಿಗೆ ಬಂದರೆ, ಕೇಳುಗನ ಅಭಿಪ್ರಾಯಕ್ಕೆ ಎಷ್ಟು ಬಲವಿದೆಯೆಂಬುದಕ್ಕೆ ಇನ್ನೊಂದು ಸಾಕ್ಷ್ಯವಿದೆ. ಕುಪ್ಪಳಿಯ ಕವಿಯ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಪದಗಳ ವಿಷಯ ಹಾಗಿರಲಿ, ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೆ, ಸಿ. ಅಶ್ವತ್ಥರ ಧಾಟಿಯೆ ಎಂದು ಕೇಳುಗರು ಎರಡು ಪಕ್ಷವಾದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿತು. ಅಷ್ಟಕ್ಕೂ ವಿವಾದ ನಿಲ್ಲದೆ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಧಾಟಿಯೆಂಬುದು ಬರಿಯ ಅಲಂಕಾರವಾಗಿದ್ದರೆ ಜನ ಅದಕ್ಕಾಗಿ ಇಷ್ಟು ಕಾದಾಡುತ್ತಿರಲಿಲ್ಲ.

ಅನಂತಸ್ವಾಮಿಯವರು 1995ರಲ್ಲಿ, ನಿಸಾರರು 2020ರಲ್ಲಿ, ಸುಬ್ಬಣ್ಣನವರು 2022ರಲ್ಲಿ ನಮ್ಮನ್ನಗಲಿದರು. ಧ್ವನಿಸುರುಳಿಯೂ ಬಳಕೆಯಿಂದ ಮರೆಯಾಗಿದೆ. ಉಳಿದಿರುವುದು ಕವಿತೆ, ಅದರ ಧಾಟಿ, ಅದನ್ನು ಕೇಳಿದವರ ನೆನಪು. ಇವುಗಳಲ್ಲಿ ಕವಿತೆಗೆ ಪುಸ್ತಕದ ಆಶ್ರಯವುಂಟು, ಧಾಟಿಗೆ ಯಂತ್ರದ ಆಶ್ರಯವುಂಟು. ಕೇಳುಗನ ಮಾತಿಗೆ ಇವೆರಡೂ ಇಲ್ಲ. ನಿಮ್ಮ ಮನೆಯ ಹಿರಿಯರು ಯಾವ ಹಾಡನ್ನು ಮತ್ತೆ ಮತ್ತೆ ಹಾಕಿಸುತ್ತಿದ್ದರು, ಯಾವ ಸಾಲಿನ ಬಳಿ ಕೈಕೆಲಸ ನಿಲ್ಲಿಸುತ್ತಿದ್ದರು, ಅಲ್ಲಿ ಏನೆಂದರು ಎಂಬುದನ್ನು ಕೇಳಿ ಬರೆದಿಡಿ. ನಮ್ಮ ಕಾವ್ಯದ ಚರಿತ್ರೆಯಲ್ಲಿ ಆ ಪುಟಗಳು ಇನ್ನೂ ಖಾಲಿಯಾಗಿವೆ.