ನೆತ್ತರಿನ ಸಾಲ



ತಮಿಳುನಾಡಿನ ಗಡಿಯ ನಮ್ಮ ಜವಳಗಿರಿಯಲ್ಲಿ ಆನೆ ಒಬ್ಬನನ್ನು ತುಳಿದು ಕೊಂದರೆ ಮುಂದೇನು ಮಾಡಬೇಕೆಂಬುದು ಊರಿಗೆಲ್ಲ ಗೊತ್ತು. ಬನ್ನೇರುಘಟ್ಟದ ಕಡೆಯಿಂದ ಹಿಂಡು ರಾಗಿ ಹೊಲಕ್ಕಿಳಿಯುವುದು ನಮಗೆ ಹೊಸದಲ್ಲ. ಅರಣ್ಯ ಇಲಾಖೆಯವರು ಬರುತ್ತಾರೆ, ಶವಪರೀಕ್ಷೆ ನಡೆಯುತ್ತದೆ, ಪರಿಹಾರದ ಅರ್ಜಿ ಹೋಗುತ್ತದೆ. ಅದೇ ಬದುವಿನ ಜಗಳದಲ್ಲಿ ಪಕ್ಕದ ಹೊಲದವನೇ ಮಚ್ಚು ಬೀಸಿ ಕೊಂದರೆ? ಪೊಲೀಸರು ಬರುತ್ತಾರೆ, ಅವನನ್ನು ಹಿಡಿದೊಯ್ಯುತ್ತಾರೆ, ವರ್ಷಗಟ್ಟಲೆ ವಿಚಾರಣೆ ಸಾಗುತ್ತದೆ. ಆ ಮೊಕದ್ದಮೆಯಲ್ಲಿ ಸತ್ತವನ ಹೆಂಡತಿ ಬರೀ ಸಾಕ್ಷಿ. ಅವಳ ಮನೆಯ ದುಡಿಮೆ ನಿಂತುಹೋಯಿತಲ್ಲ, ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ನಾನು ವಕೀಲಿ ಮಾಡುತ್ತಿದ್ದಾಗ ಇಂಥ ಒಬ್ಬ ತಾಯಿ ತೀರ್ಪಿನ ನಕಲು ಹಿಡಿದು ನನ್ನ ಹತ್ತಿರ ಬಂದಿದ್ದಳು. ಗಂಡನನ್ನು ಕೊಂದವನಿಗೆ ಜೀವಾವಧಿ ಆಗಿತ್ತು. ತೀರ್ಪು ತಮಿಳಿನಲ್ಲಿತ್ತು, ಅವಳಿಗೆ ಬರುತ್ತಿದ್ದದ್ದು ಕನ್ನಡ. ನಾನು ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು: “ಅವನು ಜೈಲಿಗೆ ಹೋದ. ಅವನ ಹೊಲ ಅವನ ತಮ್ಮ ಉಳ್ತಾ ಇದಾನೆ. ನನ್ನ ಮಕ್ಕಳಿಗೇನು?” ಆಗ ನನ್ನಲ್ಲಿ ನೇರವಾದ ಉತ್ತರವಿರಲಿಲ್ಲ. ಈ ಉಪನ್ಯಾಸ ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಕಾನೂನು ಇಲ್ಲವೆಂದಲ್ಲ, 1855ರಿಂದ ಇದೆ. ಇಂಗ್ಲೆಂಡಿನಲ್ಲಿ 1846ರಲ್ಲಿ ಬಂದ ಕಾಯ್ದೆಯೊಂದರ ಜಾಡಿನಲ್ಲಿ ನಮ್ಮಲ್ಲಿ ಮಾರಕ ಅಪಘಾತಗಳ ಕಾಯ್ದೆ ಜಾರಿಯಾಯಿತು. ಹೆಸರಿನಲ್ಲಿ ಅಪಘಾತವಿದೆಯೆಂದು ವಕೀಲರೇ ಅದನ್ನು ಬದಿಗಿಡುತ್ತಾರೆ. ಒಳಗೆ ಓದಿದರೆ, ಸಾವಿಗೆ ಕಾರಣವಾದ ಕೃತ್ಯ ಕಾನೂನಿನ ಕಣ್ಣಲ್ಲಿ ಅಪರಾಧವಾಗಿದ್ದರೂ ನಷ್ಟಪರಿಹಾರದ ದಾವೆ ನಡೆಯುತ್ತದೆಂದು ಸ್ಪಷ್ಟವಾಗಿದೆ. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಮೊಮ್ಮಕ್ಕಳು, ಅಜ್ಜ ಅಜ್ಜಿಯರಿಗಾಗಿ ಈ ದಾವೆ. ಅಣ್ಣ ತಮ್ಮ, ಅಕ್ಕ ತಂಗಿಯರು ಆ ಪಟ್ಟಿಯಲ್ಲಿಲ್ಲ. ತಮ್ಮನ ಕೂಲಿಯಲ್ಲೇ ಬದುಕುತ್ತಿದ್ದ ವಿಧವೆ ಅಕ್ಕನಿಗೆ ಈ ಬಾಗಿಲು ಮುಚ್ಚಿದೆ. ಇದು ನನಗೆ ಇಂದಿಗೂ ಅನ್ಯಾಯವಾಗಿ ಕಾಣುತ್ತದೆ.

ಅದಕ್ಕಿಂತ ದೊಡ್ಡ ಅನ್ಯಾಯ ಕಾಲಮಿತಿಯದು. 1963ರ ಕಾಲಮಿತಿ ಕಾಯ್ದೆಯ 82ನೇ ಅನುಚ್ಛೇದದ ಪ್ರಕಾರ, ಸಾವಾದ ದಿನದಿಂದ ಎರಡು ವರ್ಷದೊಳಗೆ ದಾವೆ ಹೂಡಬೇಕು. ಶಿಕ್ಷೆಯಾದ ದಿನದಿಂದ ಅಲ್ಲ, ಸಾವಾದ ದಿನದಿಂದ. ನಮ್ಮ ಜನ “ಮೊದಲು ಕೇಸು ಮುಗಿಯಲಿ” ಎಂದು ಕಾಯುತ್ತಾರೆ. ಕೇಸು ಮುಗಿಯುವಷ್ಟರಲ್ಲಿ ಹಕ್ಕು ಸತ್ತಿರುತ್ತದೆ. ಆ ತಾಯಿ ಬಂದಾಗ ಎರಡು ವರ್ಷ ಎಂದೋ ಕಳೆದಿತ್ತು. ಸಿವಿಲ್ ದಾವೆ ಶಿಕ್ಷೆಗಾಗಿ ಕಾಯಬೇಕಿಲ್ಲ, ಅಲ್ಲಿ ಬೇಕಾದ ಪುರಾವೆಯ ತೂಕವೂ ಕಡಿಮೆ. ಅಮೆರಿಕದ ಓ. ಜೆ. ಸಿಂಪ್ಸನ್ 1995ರಲ್ಲಿ ಕೊಲೆ ಆರೋಪದಿಂದ ಬಿಡುಗಡೆಯಾದರೂ 1997ರಲ್ಲಿ ಸಿವಿಲ್ ತೀರ್ಪು ಸತ್ತವರ ಕುಟುಂಬಗಳಿಗೆ 3 ಕೋಟಿ 35 ಲಕ್ಷ ಡಾಲರ್ ಕೊಡುವಂತೆ ಹೇಳಿತು. ಅಷ್ಟು ದೂರದ ಸುದ್ದಿ ನಮಗೆ ಗೊತ್ತು, ನಮ್ಮದೇ ಕಾಯ್ದೆ ಗೊತ್ತಿಲ್ಲ.

ಈಗ ಅವಳ ಪ್ರಶ್ನೆಯ ತಿರುಳಿಗೆ ಬರೋಣ. ಕೊಂದವನ ತಮ್ಮನ ಮೇಲೆ, ತಾಯಿಯ ಮೇಲೆ, ಹೆಂಡತಿಯ ಮೇಲೆ ದಾವೆ ನಡೆಯುತ್ತದೆಯೇ?

ನಮ್ಮ ಹಳ್ಳಿ ಇದಕ್ಕೆ ತನ್ನದೇ ಉತ್ತರ ಕೊಟ್ಟುಬಿಟ್ಟಿದೆ. ಕೊಲೆಗಾರನ ಮನೆಯವರನ್ನು ಮದುವೆಗೆ ಕರೆಯುವುದಿಲ್ಲ, ಅವರ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ, ಬಾವಿಯ ಹತ್ತಿರ ಮಾತು ನಿಲ್ಲುತ್ತದೆ. ಇದೂ ಒಂದು ದಾವೆಯೇ, ಆದರೆ ಇದರಿಂದ ಸತ್ತವನ ಮಕ್ಕಳಿಗೆ ಒಂದು ಸೇರು ರಾಗಿಯೂ ಸಿಗುವುದಿಲ್ಲ.

ಕಾನೂನು ರಕ್ತವನ್ನು ನೋಡುವುದಿಲ್ಲ, ಆಸ್ತಿಯನ್ನು ನೋಡುತ್ತದೆ. ಈ ವಿವೇಕ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಅಪ್ಪನ ಸಾಲವನ್ನು ಮಗ ತೀರಿಸಬೇಕೆಂದ ಅದೇ ಸ್ಮೃತಿ, ಕುಡಿತ, ಜೂಜು, ಕಾಮದ ಸಾಲವನ್ನೂ ಅಪ್ಪ ಕಟ್ಟದೆ ಉಳಿಸಿದ ದಂಡವನ್ನೂ ಮಗ ಕೊಡಬೇಕಿಲ್ಲವೆಂದು ವಿನಾಯಿತಿ ಕೊಟ್ಟಿತು. ಕೋರ್ಟುಗಳು ಇಂಥ ಸಾಲವನ್ನು ಅವ್ಯಾವಹಾರಿಕ ಋಣವೆಂದು ಕರೆದವು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅಪ್ಪನ ಸಾಲದ ಆ ಧಾರ್ಮಿಕ ಹೊರೆಯನ್ನೇ ಮಗನ ಹೆಗಲಿನಿಂದ ಇಳಿಸಿತು. ಅಪ್ಪನ ಪಾಪ ಮಗನದಲ್ಲ. ಆದರೆ ಅಪ್ಪ ಸತ್ತು ಅವನ ಹೊಲ ಮಗನಿಗೆ ಬಂದರೆ, ಆ ಹೊಲದ ಬೆಲೆಯ ಮಿತಿಯಲ್ಲಿ ಮಗ ಉತ್ತರ ಕೊಡಬೇಕು. ಅಪ್ಪ ಬದುಕಿದ್ದು, ದಾವೆಯಿಂದ ತಪ್ಪಿಸಿಕೊಳ್ಳಲು ಹೊಲವನ್ನು ತಮ್ಮನ ಹೆಸರಿಗೆ ಬರೆದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನ್ ಆ ಬರಹವನ್ನು ರದ್ದುಮಾಡಿಸಲು ದಾರಿ ಕೊಡುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಹೊಲದ ಪಟ್ಟಾದಲ್ಲಿ ಯಾರ ಹೆಸರಿದೆ, ಆ ಹೆಸರು ಯಾವ ತಾರೀಖಿಗೆ ಬಂತು ಎಂಬುದನ್ನು.

ಕೊಂದವನೇ ಸತ್ತವನ ಆಸ್ತಿಯನ್ನು ಕೇಳುವ ವಿಚಿತ್ರವೂ ಇದೆ. ಕನ್ನಡ ನಾಡಿನ ಮುಂಬೈ ಪ್ರಾಂತದ ಕಡೆಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋದ ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ ಮೊಕದ್ದಮೆಯಲ್ಲಿ, 1924ರಲ್ಲಿ, ಕೊಲೆಗಾರನಿಗೂ ಅವನ ಮೂಲಕ ಹಕ್ಕು ಕೇಳುವವರಿಗೂ ಸತ್ತವನ ಆಸ್ತಿ ಇಲ್ಲವೆಂದು ತೀರ್ಮಾನವಾಯಿತು. ಕೊಂದವನು ಇಲ್ಲವೇ ಇಲ್ಲವೆಂದು ಎಣಿಸಬೇಕು ಎಂಬ ಆ ನೋಟ ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25 ಮತ್ತು 27ನೇ ಸೆಕ್ಷನ್ನುಗಳಲ್ಲಿ ನಿಂತಿತು. 2005ರಲ್ಲಿ ಸುಪ್ರೀಂ ಕೋರ್ಟು, ತಮಿಳುನಾಡಿನಿಂದಲೇ ಬಂದ ವೆಳ್ಳಿಕಣ್ಣು ಮೊಕದ್ದಮೆಯಲ್ಲಿ ಇದನ್ನು ಇನ್ನೊಮ್ಮೆ ಹಿಡಿಯಿತು. ಮಗ ಅಪ್ಪನನ್ನು ಕೊಂದಿದ್ದ, ಅವನ ಹೆಂಡತಿ ಮಾವನ ಆಸ್ತಿಯಲ್ಲಿ ಪಾಲು ಕೇಳಿದ್ದಳು. ಕೋರ್ಟು ಕೊಡಲಿಲ್ಲ.

ಆ ತೀರ್ಪು ಕಾನೂನಿನ ಪ್ರಕಾರ ಸರಿಯೆಂದು ನಾನು ಒಪ್ಪುತ್ತೇನೆ. ಆದರೂ ಓದುವಾಗಲೆಲ್ಲ ಆ ಹೆಂಗಸೇ ಕಣ್ಣ ಮುಂದೆ ಬರುತ್ತಾಳೆ. ಅವಳು ಕೊಲ್ಲಲಿಲ್ಲ, ಮದುವೆಯಾಗಿ ಆ ಮನೆಗೆ ಬಂದಿದ್ದಳು. ಕೊಲೆಗಾರನ ಮನೆಯಲ್ಲೂ ಕೊಲೆಯಿಂದ ಹಾಳಾದವರು ಇರುತ್ತಾರೆ.

ಮನೆಯವರದೇ ತಪ್ಪಿದ್ದರೆ ಮಾತು ಬೇರೆ. ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ 1999ರಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿ ಹದಿಮೂರು ಜನರನ್ನು ಕೊಂದಾಗ, ಸತ್ತವರ ಕುಟುಂಬಗಳು ಆ ಹುಡುಗರ ತಂದೆತಾಯಿಯರ ಮೇಲೆ ದಾವೆ ಹೂಡಿದವು. 2001ರಲ್ಲಿ ರಾಜಿಯಾಯಿತು, ತಂದೆತಾಯಿಯರ ಪಾಲಿನ ಹಣ ಬಂದದ್ದು ಅವರ ಮನೆಯ ವಿಮೆಯಿಂದ. ಅಲ್ಲಿನ ಆರೋಪ ನೀವು ಅವನನ್ನು ಹೆತ್ತಿರಿ ಎಂದಲ್ಲ, ನೋಡಬೇಕಾದದ್ದನ್ನು ನೋಡಲಿಲ್ಲ ಎಂದು. ಹಳ್ಳಿಯ ಕೋಪಕ್ಕೆ ಈ ಭೇದ ಬೇಗ ಕಾಣುವುದಿಲ್ಲ.

ಕೊಂದವನ ಮನೆಯಿಂದ ಏನೂ ಬಾರದಿದ್ದರೆ ಯಾರು ಕೊಡಬೇಕು? ಈ ಸೀಮೆಯ ಹೊಲಗಳಲ್ಲಿ ವೀರಗಲ್ಲುಗಳು ನಿಂತಿವೆ. ಕಾದಾಡಿ ಸತ್ತವನ ಮನೆಗೆ ಬಿಟ್ಟ ಭೂಮಿಯನ್ನು ಕನ್ನಡ ಶಾಸನಗಳು ನೆತ್ತರುಗೊಡಗೆ ಎಂದು ಕರೆದವು. ಅದನ್ನು ಕೊಂದವನ ಮನೆಯವರು ಕೊಡುತ್ತಿರಲಿಲ್ಲ, ಆಳುವವರೂ ಊರೂ ಕೊಡುತ್ತಿದ್ದರು. ಇವತ್ತಿನ ಸರ್ಕಾರಕ್ಕೂ ಆ ಹೊಣೆಯಿದೆ: 2013ರ ತಮಿಳುನಾಡು ಸಂತ್ರಸ್ತರ ಪರಿಹಾರ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಶಿಕ್ಷೆ ವಿಧಿಸುವ ನ್ಯಾಯಾಧೀಶರೂ ಅಪರಾಧಿಯಿಂದ ಪರಿಹಾರ ಕೊಡಿಸಬಹುದು, ಅದು ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 357ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 395. ಪರಿಹಾರದ ಬಗ್ಗೆ ಯೋಚಿಸುವುದು ನ್ಯಾಯಾಧೀಶರ ಕರ್ತವ್ಯವೆಂದು 2013ರಲ್ಲಿ ಅಂಕುಶ್ ಗಾಯಕವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೇಳುವ ವಕೀಲರು ಬೇಕು, ಅಷ್ಟೇ.

ಆ ತಾಯಿ ಆಮೇಲೆ ಬರಲಿಲ್ಲ. ಅವಳ ಮಗ ಒಮ್ಮೆ ಸಿಕ್ಕಿದ್ದ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದನಂತೆ. ಕೊಂದವನ ತಮ್ಮನ ಮಗನೂ ಅಲ್ಲೇ, ಅದೇ ಪಾಳಿಯಲ್ಲಿ. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸು ಹತ್ತುತ್ತಾರೆ, ಮಾತಾಡುವುದಿಲ್ಲ ಎಂದ.