ಪ್ರೌಢಶಾಲೆಯಲ್ಲಿ ಸಂಘಜೀವನ



ಶಾಲೆಯ ವಿಚಾರ ಬಂದಾಗಲೆಲ್ಲ ನಾವು ಬಳಸುವ ಮಾತೊಂದಿದೆ: ‘ಪಠ್ಯೇತರ ಚಟುವಟಿಕೆ’. ಕನ್ನಡ ಪಂಡಿತನಾದ ನನಗೆ ಈ ಸಮಾಸದ ಮೇಲೆ ಬಹಳ ದಿನಗಳಿಂದ ಅಸಮಾಧಾನ. ‘ಇತರ’ ಎಂದೊಡನೆ ಅದು ಹೊರಗಿನದಾಯಿತು. ಪಂಕ್ತಿಯ ತುದಿಯಲ್ಲಿ ಕುಳಿತವನಿಗೆ ಉಳಿದರೆ ಬಡಿಸುವುದು, ಉಳಿಯದಿದ್ದರೆ ಕೈಮುಗಿಯುವುದು. ಈಗೀಗ ‘ಸಹಪಠ್ಯ’ ಎಂಬ ಹೆಸರು ಬಂದಿದೆ. ಹೆಸರೇನೋ ಉತ್ತಮವಾಯಿತು, ಎಲೆ ಮಾತ್ರ ಇನ್ನೂ ಪಂಕ್ತಿಯ ತುದಿಯಲ್ಲೇ ಇದೆ.

ನಮ್ಮ ಹಿಂದಿನ ಕೂಲಿಮಠಗಳಲ್ಲಿ ಈ ಭೇದ ಇದ್ದಂತೆ ತೋರುವುದಿಲ್ಲ. ಐಗಳ ಮುಂದೆ ಚಿಕ್ಕವರು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗರು ಅವರ ಕೈಹಿಡಿದು ತಿದ್ದಿಸುತ್ತಿದ್ದರು. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಥ ಜಗಲಿ ಶಾಲೆಗಳ ಮರಳಿನ ಬರಹವನ್ನು ಕಂಡು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಪದ್ಧತಿಯೊಂದನ್ನು ರೂಪಿಸಿ, ೧೭೯೭ರಲ್ಲಿ ಇಂಗ್ಲೆಂಡಿನಲ್ಲಿ ಅದರ ವರದಿಯನ್ನು ಅಚ್ಚು ಹಾಕಿಸಿದನು. ಮಹಾನವಮಿ ಬಂದಿತೆಂದರೆ ನಮ್ಮ ಮಠದ ಹುಡುಗರು ಬಣ್ಣದ ಕೋಲು ಹಿಡಿದು ಐಗಳೊಂದಿಗೆ ಮನೆಮನೆಗೂ ಹೋಗಿ ಚೌಪದ ಹಾಡುತ್ತಿದ್ದರು. ಮನೆಯವರು ಗುರುಗಳಿಗೆ ಕಾಣಿಕೆ ಕೊಡುತ್ತಿದ್ದರು, ಹುಡುಗರಿಗೆ ತಿನ್ನಲು ಏನಾದರೂ ಕೊಡುತ್ತಿದ್ದರು. ಕರಾವಳಿಯಲ್ಲಿ ಹೂವಿನಕೋಲು ಎಂಬುದು ಇದರ ಸೋದರ ಸಂಪ್ರದಾಯ. ಇದನ್ನು ಭಿಕ್ಷಾಟನೆ ಎಂದು ನಕ್ಕವರುಂಟು. ನನಗೆ ಹಾಗೆ ತೋರುವುದಿಲ್ಲ. ವರ್ಷಕ್ಕೊಮ್ಮೆ ಶಾಲೆ ಊರಿನ ಬಾಗಿಲಿಗೆ ಹೋಗಿ ಕಲಿತದ್ದನ್ನು ಒಪ್ಪಿಸುತ್ತಿತ್ತು. ಈಗ ಊರು ಶಾಲೆಗೆ ಬಂದು, ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ದೀರ್ಘ ಭಾಷಣ ಕೇಳಿ, ಮಕ್ಕಳ ಸರದಿ ಬರುವ ಹೊತ್ತಿಗೆ ಆಕಳಿಸುತ್ತದೆ. ಆ ಮಠಗಳಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಜಾಗವಿರಲಿಲ್ಲ, ಹೆಣ್ಣುಮಕ್ಕಳು ಕಾಣುವುದಂತೂ ಅಪರೂಪವಾಗಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಕೊರತೆಯನ್ನು ತುಂಬಬೇಕಾದದ್ದು ಇಂದಿನ ಪ್ರೌಢಶಾಲೆ.

ಸ್ವಾತಂತ್ರ್ಯ ಬಂದ ಮೇಲೆ ಈ ವಿಚಾರವನ್ನು ಬಲ್ಲವರು ಯೋಚಿಸದೆ ಇರಲಿಲ್ಲ. ೧೯೪೮ರಲ್ಲಿ ಎನ್.ಸಿ.ಸಿ. ಕಾನೂನಾಯಿತು. ೧೯೫೦ರಲ್ಲಿ ಕನ್ಹಯ್ಯಾಲಾಲ್ ಮುನ್ಷಿಯವರು ವನಮಹೋತ್ಸವ ಆರಂಭಿಸಿದರು. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ ೧೯೫೩ರಲ್ಲಿ ವರದಿ ಒಪ್ಪಿಸಿದಾಗ, ಇಂಥ ಚಟುವಟಿಕೆಗಳು ಶಿಕ್ಷಣದ ಅವಿಭಾಜ್ಯ ಅಂಗವೆಂದೇ ಹೇಳಿತು. ವರದಿಗಳಿಗೆ ನಮ್ಮಲ್ಲಿ ಬರಗಾಲವಿಲ್ಲ.

ಸ್ಕೌಟ್ ಚಳವಳಿಯ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಬೇಡನ್ ಪೊವೆಲ್ಲನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದ್ದು ೧೯೦೭ರಲ್ಲಿ. ಎರಡೇ ವರ್ಷಗಳಲ್ಲಿ, ೧೯೦೯ರಲ್ಲಿ, ಅದು ನಮ್ಮ ಬೆಂಗಳೂರಿಗೆ ಬಂದಿತು. ಆದರೆ ಆಗ ಅದು ದೊರೆಗಳ ಮಕ್ಕಳಿಗೆ ಮಾತ್ರ. ವಿಶ್ವಭ್ರಾತೃತ್ವದ ಪ್ರತಿಜ್ಞೆಯನ್ನು ಈ ನೆಲದ ಮೇಲೆ ನಿಂತು ಮಾಡುತ್ತಿದ್ದರು, ಈ ನೆಲದ ಹುಡುಗ ಮಾತ್ರ ಬೇಲಿಯ ಹೊರಗೆ. ಆ ಅವಮಾನವನ್ನು ಸಹಿಸದೆ ಆನಿ ಬೆಸೆಂಟರು, ಮದನಮೋಹನ ಮಾಳವೀಯರು, ಹೃದಯನಾಥ ಕುಂಜ್ರೂ ಮೊದಲಾದವರು ಭಾರತೀಯ ಮಕ್ಕಳಿಗಾಗಿಯೇ ದಳಗಳನ್ನು ಕಟ್ಟಿದರು. ಆ ತೊರೆಗಳೆಲ್ಲ ಕೂಡಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಆದದ್ದು ೧೯೫೦ನೆಯ ನವೆಂಬರ್ ೭ರಂದು. ತಮ್ಮ ಮನೆಯ ಹುಡುಗ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಹೊರಟಾಗ, ‘ಇದೇನೋ ವೇಷ’ ಎಂದು ನಗುವ ಮೊದಲು ಇಷ್ಟನ್ನು ನೆನೆಯಬಹುದು.

ಹರಿಹರದ ಸಮೀಪದ ಕೊಂಡಜ್ಜಿಯಲ್ಲಿ ಕೆರೆಯ ದಂಡೆಗೆ ಸ್ಕೌಟರ ಶಿಬಿರ ಸ್ಥಾನವಿದೆ. ಒಂದು ವರ್ಷ ನಮ್ಮ ಶಾಲೆಯ ಮಕ್ಕಳನ್ನು ಅಂಥ ಶಿಬಿರಕ್ಕೆ ಕಳುಹಿಸುವ ಸಂದರ್ಭ ಬಂದಾಗ, ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ಅಲ್ಲಿ ಅಡಿಗೆ ಮಾಡುವವರು ಯಾರು?” ಎಂದು ಕೇಳಿದರು. ಪ್ರಶ್ನೆಯ ಹಿಂದಿನ ಪ್ರಶ್ನೆ ನನಗೆ ತಿಳಿಯಿತು. “ನಿಮ್ಮ ಮಗನೇ ಮಾಡುತ್ತಾನಮ್ಮ” ಎಂದೆ. ಸುಳ್ಳೇನಲ್ಲ. ಶಿಬಿರದಲ್ಲಿ ಎಂಟು ಹುಡುಗರಿಗೆ ಒಂದು ದಳ, ದಳಕ್ಕೊಂದು ಒಲೆ. ಒಬ್ಬ ಸೌದೆ ತರಬೇಕು, ಒಬ್ಬ ನೀರು ಹೊರಬೇಕು, ಇಬ್ಬರು ಈರುಳ್ಳಿ ಹೆಚ್ಚಬೇಕು. ಹುಳಿಗೆ ಉಪ್ಪು ಹೆಚ್ಚಾದರೆ ಎಂಟು ಜನವೂ ಅದನ್ನೇ ಉಣ್ಣಬೇಕು. ಮೂರನೆಯ ದಿನದ ಹೊತ್ತಿಗೆ ಈರುಳ್ಳಿ ಹೆಚ್ಚಿದವನು ಯಾರ ಮಗ ಎಂಬ ವಿಚಾರ ಯಾರ ನಾಲಿಗೆಗೂ ಬರಲಿಲ್ಲ. ಸೌದೆ ಹಸಿಯದನ್ನು ತಂದವನು ಯಾರು ಎಂಬುದೇ ದೊಡ್ಡ ಜಗಳವಾಗಿತ್ತು. ಶಾಲೆಯ ಮಧ್ಯಾಹ್ನದ ಬಿಸಿಯೂಟದಲ್ಲಿಯೂ ಸಾಲಾಗಿ ಕೂಡಿಸಬಹುದು. ಆದರೆ ಸಾಲಿನಲ್ಲಿ ಪಕ್ಕದಲ್ಲಿ ಕುಳಿತವನ ಹೆಸರನ್ನು ಕೇಳದೆಯೂ ಉಂಡು ಏಳಬಹುದು. ಒಂದೇ ಒಲೆಗೆ ಊದಿದವರಿಗೆ ಅದು ಸಾಧ್ಯವಿಲ್ಲ. ಐಕಮತ್ಯದ ಮೇಲೆ ಪ್ರಬಂಧ ಬರೆಸುವುದು ನನ್ನ ಕಸುಬು. ಬರೆದವರೆಲ್ಲ ಚೆನ್ನಾಗಿಯೇ ಬರೆಯುತ್ತಾರೆ. ಒಲೆಯ ಪಾಠ ಬೇರೆ.

ಶಾಲಾ ಸಂಸತ್ತಿನ ಚುನಾವಣೆಯನ್ನು ತಾವು ಕೇಳಿರಬಹುದು. ಜೂನ್ ಜುಲೈ ತಿಂಗಳಲ್ಲಿ ಮಕ್ಕಳು ನಾಮಪತ್ರ ಸಲ್ಲಿಸುತ್ತಾರೆ, ಪ್ರಚಾರ ಮಾಡುತ್ತಾರೆ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮತ ಹಾಕುತ್ತಾರೆ. ಈಗ ಮೊಬೈಲ್ ಫೋನನ್ನೇ ಮತಯಂತ್ರವಾಗಿ ಮಾಡಿಕೊಳ್ಳುವ ಶಾಲೆಗಳೂ ಉಂಟು. ಹಿರಿಯರಿಂದ ಕಲಿತದ್ದನ್ನು ಮಕ್ಕಳು ಬೇಗ ಪ್ರಯೋಗಿಸುತ್ತಾರೆ: ನಮ್ಮಲ್ಲಿ ಅಭ್ಯರ್ಥಿಯೊಬ್ಬ ಮತದ ಹಿಂದಿನ ದಿನ ಎಂಟನೆಯ ತರಗತಿಗೆಲ್ಲ ಚಾಕೊಲೇಟ್ ಹಂಚಿದ. ಉಪಾಧ್ಯಾಯರು ಕೋಪಿಸಿಕೊಂಡರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶಾಂತವಾಗಿ, “ಸಾರ್, ತಿಂದದ್ದು ತಿಂದೆವು, ವೋಟು ನಮ್ಮದೇ ಅಲ್ಲವೇ?” ಎಂದಳು. ಅವನು ಸೋತ. ಪೌರನೀತಿಯ ಪುಸ್ತಕದಲ್ಲಿ ಈ ಸೂತ್ರ ನನಗೆ ಸಿಕ್ಕಿಲ್ಲ.

ಚುನಾವಣೆಯ ಗದ್ದಲ ಮುಗಿದ ಮೇಲೆ ಮಂತ್ರಿಗಳು ಏನು ಮಾಡುತ್ತಾರೆ ಎಂಬುದೇ ಮುಖ್ಯ. ಬಹಳ ಕಡೆ ಪ್ರಮಾಣವಚನದೊಂದಿಗೆ ಸಂಸತ್ತು ಮುಗಿಯುತ್ತದೆ. ನಡೆಯುವ ಕಡೆ ನೀರಿನ ತೊಟ್ಟಿ, ಕೈತೋಟ, ಗ್ರಂಥಾಲಯ, ಶುಚಿತ್ವ ಇವೆಲ್ಲಕ್ಕೂ ಸರದಿ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ತಾವು ಒಮ್ಮೆ ಕೇಳಿ ಓದಿ. ಪೊರಕೆಯ ಕೆಲಸ ಯಾವಾಗಲೂ ಅದೇ ನಾಲ್ಕು ಹೆಸರುಗಳಿಗೆ ಬೀಳುತ್ತದೆಯೇ, ಅತಿಥಿಗಳಿಗೆ ಹಾರ ಹಾಕುವ ಕೆಲಸ ಯಾವಾಗಲೂ ಬೇರೆ ನಾಲ್ಕು ಹೆಸರುಗಳಿಗೆ ಬೀಳುತ್ತದೆಯೇ, ನೋಡಿ. ಹಾಗಿದ್ದರೆ ಅಲ್ಲಿರುವುದು ಸಂಘಜೀವನವಲ್ಲ, ಊರಿನ ಹಳೆಯ ವ್ಯವಸ್ಥೆಗೆ ಸಮವಸ್ತ್ರ ತೊಡಿಸಿದ್ದು. ಉಪಾಧ್ಯಾಯರ ಮಕ್ಕಳ ಹೆಸರೂ, ಅಧಿಕಾರಿಗಳ ಮಕ್ಕಳ ಹೆಸರೂ, ಗಂಡುಮಕ್ಕಳ ಹೆಸರೂ ಪೊರಕೆಯ ಪಟ್ಟಿಯಲ್ಲಿ ಇದ್ದರೆ ಮಾತ್ರ ಅದಕ್ಕೆ ಅರ್ಥ.

ಇನ್ನು ನಾಟಕ. ಇದು ನನ್ನ ವಿಭಾಗ, ಆದ್ದರಿಂದ ಸ್ವಲ್ಪ ಹೆಚ್ಚು ಹೇಳಿದರೆ ಸಹಿಸಿಕೊಳ್ಳಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಇಬ್ಬರು ಅಣ್ಣತಮ್ಮಂದಿರು: ಪರೀಕ್ಷೆಯಲ್ಲಿ ಮುಂದಿರುವ ಪುಟ್ಟು, ಪಾಠದಲ್ಲಿ ಹಿಂದೆ ಬಿದ್ದರೂ ಮನೆಯವರ ಕಷ್ಟಕ್ಕೆ ಆಗುವ ಮಾಧು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಪ್ರಶ್ನೆ. ಒಂದು ಶತಮಾನ ಕಳೆದರೂ ಆ ಪ್ರಶ್ನೆ ಹಳತಾಗಿಲ್ಲವೆಂದು ನಮ್ಮ ಶಾಲೆಯಲ್ಲಿ ಅದನ್ನು ಆಡಿಸಿದೆವು. ಮಾತು ಬರುವ ಮಕ್ಕಳಿಗೆ ಪಾತ್ರ ಸಿಕ್ಕಿತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಆರು ಕಿಲೋಮೀಟರ್ ದೂರದ ಹಳ್ಳಿಯವನು, ಅಜ್ಜಿಯ ಆಶ್ರಯದಲ್ಲಿ ಬೆಳೆದವನು. ಕರೆದರೆ ಮಾತ್ರ ಮಾತು. ಗಣಿತದಲ್ಲಿ ಎರಡಂಕಿ ಕಂಡವನಲ್ಲ. ಅವನಿಗೆ ಪರದೆ ಎಳೆಯುವ ಕೆಲಸ ಕೊಟ್ಟರು. ಅವನು ಪರದೆಯ ಹಗ್ಗಕ್ಕೆ ಹಳೆಯ ಸೈಕಲ್ಲಿನ ಗಾಲಿಯೊಂದನ್ನು ಕಪ್ಪಿಯಾಗಿ ಕಟ್ಟಿ, ಒಂದೇ ಕೈಯಲ್ಲಿ ಸದ್ದಿಲ್ಲದೆ ಎಳೆಯುವಂತೆ ಮಾಡಿದ. ರಂಗದ ಮೇಜು ಕುರ್ಚಿ, ಪಾತ್ರೆ ಪಡಗ ಎಲ್ಲದರ ಲೆಕ್ಕವೂ ಅವನದೇ. ಆ ಲೆಕ್ಕದಲ್ಲಿ ಒಂದು ಚಮಚವೂ ತಪ್ಪಲಿಲ್ಲ.

ಪ್ರದರ್ಶನದ ದಿನ ನಡುವೆ ಕರೆಂಟು ಹೋಯಿತು. ಸಭೆಯಲ್ಲಿ ಸಿಳ್ಳೆ, ರಂಗದ ಮೇಲೆ ಪುಟ್ಟು ಮಾತು ಮರೆತು ನಿಂತ. ಈ ಹುಡುಗ ಹೊರಗೆ ಓಡಿ, ನಿಲ್ಲಿಸಿದ್ದ ಮೂರು ಮೋಟಾರು ಸೈಕಲ್ಲುಗಳ ಯಜಮಾನರನ್ನು ಹುಡುಕಿ ಕರೆತಂದು, ದೀಪ ರಂಗಕ್ಕೆ ಬೀಳುವಂತೆ ನಿಲ್ಲಿಸಿದ. ಎಂಜಿನ್ನಿನ ಸದ್ದಿನ ಮೇಲೆ ಮಕ್ಕಳು ಕೂಗಿ ಕೂಗಿ ಮಾತಾಡಿದರು. ನಾಟಕ ಮುಗಿಯಿತು. ಬಹುಮಾನ ಪಾತ್ರಧಾರಿಗಳಿಗೆ ಬಂದಿತು, ಅದು ವಾಡಿಕೆ. ಆದರೆ ಕೊನೆಯಲ್ಲಿ ಮಾಧುವಿನ ಪಾತ್ರದ ಹುಡುಗ ಅವನನ್ನು ಕೈಹಿಡಿದು ರಂಗದ ಮೇಲಕ್ಕೆ ಎಳೆದುಕೊಂಡು ಬಂದ.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ವರ್ಷ, ಹತ್ತನೆಯ ತರಗತಿಯ ನಡುವೆ, ಅವನು ಶಾಲೆಗೆ ಬರುವುದನ್ನು ಬಿಟ್ಟ. ಪೇಟೆಯ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ತಿಳಿಯಿತು. ನಾವು ಕಾಗದ ಬರೆದೆವು, ಉತ್ತರವಿಲ್ಲ. ಒಂದು ಭಾನುವಾರ ನಾಟಕದ ತಂಡದ ನಾಲ್ವರು, ಯಾರಿಗೂ ಹೇಳದೆ, ಸೈಕಲ್ ತುಳಿದು ಅವನ ಹಳ್ಳಿಗೆ ಹೋದರು. ಅಜ್ಜಿಯೊಡನೆ ಎರಡು ಗಂಟೆ ಮಾತಾಡಿದರಂತೆ. ಮನೆಗೆ ಅವನ ಕೂಲಿ ಬೇಕಾಗಿತ್ತು ಎಂಬುದು ನಿಜ. ಅದಕ್ಕೆ ಮಕ್ಕಳಲ್ಲಿ ಪರಿಹಾರವಿರಲಿಲ್ಲ. ಆದರೆ ಆ ಗ್ಯಾರೇಜಿನ ಯಜಮಾನರು ಒಬ್ಬಳ ಚಿಕ್ಕಪ್ಪನೇ ಎಂಬುದನ್ನು ಕಂಡುಹಿಡಿದರು. ಅವರನ್ನು ಕಾಡಿ, ಭಾನುವಾರದ ಕೆಲಸ ಸಾಕೆಂದು ಒಪ್ಪಿಸಿದರು. ಮೂರು ವಾರದ ಪಾಠವನ್ನು ತಮ್ಮ ಪುಸ್ತಕಗಳಿಂದ ಬರೆದುಕೊಟ್ಟರು. ಅವನು ಮೊದಲ ಸಲ ಗಣಿತದಲ್ಲಿ ನಪಾಸಾಗಿ, ಎರಡನೆಯ ಸಲ ತೇರ್ಗಡೆಯಾದ. ಇಂದು ಐ.ಟಿ.ಐ.ನಲ್ಲಿ ಓದುತ್ತಿದ್ದಾನೆ.

ಹಾಜರಿ ಪುಸ್ತಕವನ್ನು ನೋಡಿ ಅವನು ಬಂದಿಲ್ಲವೆಂದು ನಾವು ಗುರುತು ಹಾಕಿದ್ದೆವು. ಅವನು ಇಲ್ಲದ್ದು ಕೊರತೆಯೆಂದು ತೋರಿದ್ದು ಪರದೆಯ ಹಿಂದೆ ಅವನೊಡನೆ ನಿಂತವರಿಗೆ. ಆ ನಾಟಕವೇ ಇಲ್ಲದಿದ್ದರೆ, ಆ ನಾಲ್ವರಿಗೆ ಅವನ ಹಳ್ಳಿಯ ದಾರಿ ಗೊತ್ತಿರುತ್ತಿರಲಿಲ್ಲ.

ಇಷ್ಟಿದ್ದರೂ ಏನಾಗುತ್ತಿದೆ? ಹತ್ತನೆಯ ತರಗತಿ ಎಂದೊಡನೆ ಆಟವಿಲ್ಲ, ಹಾಡಿಲ್ಲ, ಶಿಬಿರವಿಲ್ಲ. ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ಫಲಿತಾಂಶದ ಶೇಕಡಾವಾರು ಇಳಿದರೆ ಮುಖ್ಯೋಪಾಧ್ಯಾಯರು ಮೇಲಿನವರಿಗೆ ಜವಾಬು ಹೇಳಬೇಕು. ಕೈತೋಟ ಒಣಗಿದರೆ ಯಾರೂ ಕೇಳುವವರಿಲ್ಲ. ಅವರನ್ನು ನಾನು ದೂರುವುದಿಲ್ಲ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಿವೆ, ಒಳ್ಳೆಯದೇ. ಆದರೆ ಸ್ಪರ್ಧೆಗೆ ಶಾಲೆಯಿಂದ ಹೋಗುವವರು ಕೆಲವರು; ಗೆಲ್ಲುವವರನ್ನೇ ಆರಿಸಿ ತಯಾರುಮಾಡಿದರೆ, ಪರದೆ ಎಳೆಯುವವನಿಗೆ ಅಲ್ಲಿ ವಿಭಾಗವೇ ಇಲ್ಲ.

ಇನ್ನೊಂದು ಸಣ್ಣ ವಿಷಯ, ಪೇಟೆಯ ಮನೆಗಳಲ್ಲಿ ಇದು ಹೊಳೆಯುವುದಿಲ್ಲ. ಚಟುವಟಿಕೆಗಳನ್ನು ನಾಲ್ಕೂವರೆಯ ಮೇಲೆ ಇಟ್ಟರೆ ಪೇಟೆಯ ಮಕ್ಕಳು ಉಳಿಯುತ್ತಾರೆ. ಹಳ್ಳಿಯ ಮಕ್ಕಳಿಗೆ ಐದರ ಬಸ್ಸು ಹೋದರೆ ಮತ್ತೆ ಬಸ್ಸಿಲ್ಲ. ಹೆಣ್ಣುಮಕ್ಕಳನ್ನು ಕತ್ತಲಾಗುವವರೆಗೆ ಉಳಿಸಲು ಮನೆಯವರು ಒಪ್ಪುವುದಿಲ್ಲ, ಒಪ್ಪದಿರುವುದು ತಪ್ಪೂ ಅಲ್ಲ. ಆದುದರಿಂದ ಸಂಘದ ಕೆಲಸಕ್ಕೆ ವೇಳಾಪಟ್ಟಿಯೊಳಗೆ, ಹಗಲು ಹೊತ್ತಿನಲ್ಲೇ, ವಾರಕ್ಕೆ ಎರಡು ಅವಧಿಯಾದರೂ ಇರಬೇಕು. ನಾವು ಹಾಗೆ ಮಾಡಿದ ವರ್ಷ ಗೋಡೆಪತ್ರಿಕೆಗೆ ಬರೆಯುವವರ ಹೆಸರುಗಳೇ ಬದಲಾದವು. ಹಬ್ಬದ ಹಾಡು, ಒಗಟು, ಬೆಳೆಗೆ ಬಿದ್ದ ಹುಳುವಿನ ವರ್ಣನೆ, ಇವೆಲ್ಲ ಆ ಬಸ್ಸಿನ ಮಕ್ಕಳ ಕೈಯಿಂದ ಬಂದವು. ಕಾಗುಣಿತದ ತಪ್ಪುಗಳೂ ಜೊತೆಗೆ ಬಂದವೆನ್ನಿ. ಅವನ್ನು ತಿದ್ದುವುದಕ್ಕೆ ಪಂಡಿತನಿದ್ದಾನೆ.

ತಮ್ಮಿಂದ ನಾನು ಕೇಳುವುದು ದೊಡ್ಡ ದೇಣಿಗೆಯನ್ನಲ್ಲ. ಪೋಷಕರ ಸಭೆಗೆ ಬಂದಾಗ, “ನನ್ನ ಮಗಳು ವಿಜ್ಞಾನದಲ್ಲಿ ಎಷ್ಟು ತೆಗೆದಿದ್ದಾಳೆ?” ಎಂದು ಕೇಳಿದ ಮೇಲೆ, “ಈ ವರ್ಷ ಅವಳು ಯಾರ ಜೊತೆ ಏನು ಕೆಲಸ ಮಾಡಿದಳು?” ಎಂದೂ ಕೇಳಿ. ನಾಲ್ಕು ಜನ ತಂದೆತಾಯಿಗಳು ಈ ಪ್ರಶ್ನೆ ಕೇಳಿದರೆ ಉತ್ತರಕ್ಕಾಗಿಯಾದರೂ ನಾವು ಏನನ್ನಾದರೂ ನಡೆಸಬೇಕಾಗುತ್ತದೆ. ಹತ್ತನೆಯ ತರಗತಿಯ ಮಕ್ಕಳನ್ನು ವಾರಕ್ಕೆ ಒಂದು ಗಂಟೆ ಅಂಗಳಕ್ಕೆ ಬಿಡಿ ಎಂದು ತಾವೇ ಮುಖ್ಯೋಪಾಧ್ಯಾಯರಿಗೆ ಹೇಳಿ. ನಾವು ಹೇಳಿದರೆ ಸೋಮಾರಿತನವೆನ್ನುತ್ತಾರೆ. ಅಂದಹಾಗೆ, ಈ ಜನವರಿಯ ನಾಟಕಕ್ಕೆ ನಮ್ಮಲ್ಲಿ ಪರದೆಯ ಬಟ್ಟೆ ಹರಿದಿದೆ. ಹಳೆಯ ಕಂಬಳಿ ಇದ್ದವರು ಕಳುಹಿಸಿಕೊಟ್ಟರೆ ಸ್ವೀಕರಿಸುತ್ತೇವೆ.